ಸಂದಿಲ್ಲದ ಹಲಗೆ

ತುಂಗಭದ್ರೆಯ ದಡದ ಒಂದು ಊರಿನಲ್ಲಿ ಮೌನೇಶಾಚಾರಿ ಎಂಬ ಬಡಗಿ ಇದ್ದ. ಬಾಗಿಲು ಮಾಡಿದ್ದ, ಮಂಚ ಮಾಡಿದ್ದ, ತೊಟ್ಟಿಲು ಮಾಡಿದ್ದ. ಊರಿನ ಅರ್ಧ ಜನ ಅವನು ಮಾಡಿದ ಮಣೆಯ ಮೇಲೆ ಕೂತೇ ಮದುವೆಯಾಗಿದ್ದರು. ಹೆಸರಿತ್ತು. ಊಟಕ್ಕೆ ಕೊರತೆ ಇರಲಿಲ್ಲ.

ಆದರೂ ಒಂದು ಆಸೆ ಉಳಿದಿತ್ತು. ಒಂದೇ ಹಲಗೆಯ ಮೇಜು ಮಾಡಬೇಕು. ಸುತ್ತ ಹತ್ತು ಜನ ಕೂರುವಷ್ಟು ದೊಡ್ಡದು. ನಡುವೆ ಎಲ್ಲಿಯೂ ಸಂದು ಇರಬಾರದು.

ಬಡಗಿಯ ಬದುಕೆಲ್ಲ ಜೋಡಿಸುವುದೇ. ಅಗಲದ ಮರ ಸಿಗುವುದಿಲ್ಲ. ಸಿಕ್ಕ ತುಂಡುಗಳನ್ನೇ ಕೂಡಿಸಬೇಕು. ಕೂಡಿಸಿದ್ದು ಎಷ್ಟೇ ನುಣುಪಾಗಿದ್ದರೂ ಅವನ ಹೆಬ್ಬೆರಳಿಗೆ ಸಂದು ತಿಳಿಯುತ್ತಿತ್ತು. ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವನಿಗೆ ತಿಳಿಯುತ್ತಿತ್ತು. ಸಂಕಟಕ್ಕೆ ಅಷ್ಟು ಸಾಕು.

ಆ ಹಲಗೆ ಎಲ್ಲಿದೆ ಎಂಬುದೂ ಅವನಿಗೆ ಗೊತ್ತಿತ್ತು. ತಾಲ್ಲೂಕು ಕಚೇರಿಯ ಎದುರು, ಹಳೆಯ ಹತ್ತಿ ಗೋದಾಮಿನ ಜಾಗದ ಅಂಚಿಗೆ, ಒಂದು ಬಾಗೆ ಮರವಿತ್ತು. ಇಬ್ಬರು ತಬ್ಬಿದರೂ ಕೈ ಕೂಡದಂಥ ಬೊಡ್ಡೆ. ಎರಡಾಳೆತ್ತರ ಕೊಂಬೆಯಿಲ್ಲದೆ ನೆಟ್ಟಗೆ ಎದ್ದಿತ್ತು. ಒಳಗಿನ ತಿರುಳು ಕಾಕಂಬಿ ಬಣ್ಣದ್ದು ಎಂದು ಅವನು ನೋಡದೆಯೇ ಬಲ್ಲ. ಪ್ರಾಯದಲ್ಲಿ ಅದನ್ನು ಮೊದಲ ಸಲ ಕಂಡಾಗ ಸೈಕಲ್ಲಿನಿಂದ ಇಳಿದು ನಿಂತಿದ್ದ. ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಇಳಿಯುತ್ತಿದ್ದ. ಅಂಗೈಯಿಂದ ತೊಗಟೆ ಸವರುತ್ತಿದ್ದ. ಮತ್ತೆ ಸೈಕಲ್ ಹತ್ತಿ ಹೋಗುತ್ತಿದ್ದ.

ಹೆಂಡತಿ ಗುರಮ್ಮ ಚೇಷ್ಟೆ ಮಾಡುತ್ತಿದ್ದಳು.

“ಇವತ್ತೂ ಸವತಿ ಮನೀಗೆ ಹೋಗಿದ್ರೇನು?”

“ಹೂಂ.”

“ಹೆಂಗದಾಳ?”

“ದಪ್ಪ ಆಗ್ಯಾಳ.”

ವಯಸ್ಸಾಯಿತು. ಉಳಿ ಹಿಡಿದರೆ ಒಮ್ಮೊಮ್ಮೆ ಬೆರಳು ನಡುಗತೊಡಗಿತು. ಇನ್ನೊಂದು ದೊಡ್ಡ ಕೆಲಸ ಆದೀತು, ಅದರಾಚೆಗೆ ಕೈ ನಡೆಯುವುದಿಲ್ಲ ಎಂದು ಅವನಿಗೆ ಅನ್ನಿಸಿತ್ತು.

ಆ ವರ್ಷ ಗೋದಾಮಿನ ಜಾಗವನ್ನು ಒಂದು ಕಂಪನಿ ಕೊಂಡಿತು. ಬಿಸಿಲಿನಿಂದ ಉರಿಯುವ ದೀಪ ಮಾಡಿ ಮಾರುವ ಕಂಪನಿ. ಒಡತಿಯ ಹೆಸರು ಸರ್ವಮಂಗಳಾ. ಗೋದಾಮನ್ನು ರಿಪೇರಿ ಮಾಡಿಸಿ ಅಲ್ಲಿಯೇ ಆಫೀಸು ತೆರೆಯಬೇಕೆಂದಿದ್ದಳು. ಆಚಾರಿಗೆ ಹೇಳಿಕಳಿಸಿದಳು.

“ಆಚಾರ್ರೆ, ನಾವು ಮಾರೋದು ಸೂರ್ಯನ ಬೆಳಕು,” ಎಂದಳು. “ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು ಮಾರಿದರೆ ಜನ ನಗ್ತಾರೆ. ಮರದ ಪುಡಿಗೆ ಅಂಟು ಹಾಕಿ ಒತ್ತಿದ ಮೇಜು ಬೇಡ. ಅದರ ವಾಸನೆಗೆ ನನಗೆ ತಲೆನೋವು ಬರುತ್ತೆ. ದೂರದಿಂದ ಲಾರಿ ಹತ್ತಿ ಬಂದದ್ದೂ ಬೇಡ. ಮಣ್ಣಿಗೆ ಭಾರವಾಗದಂಥದ್ದು ಮಾಡಿಕೊಡಿ.”

“ಆಗಲಿ.”

“ಎಲ್ಲರೂ ಸುತ್ತ ಕೂತು ಮಾತಾಡೋಕೆ ಒಂದು ದೊಡ್ಡ ಮೇಜು ಬೇಕು. ಹಿಂದೆ ಗೋದಾಮಿನ ಹಳೇ ಬಾಗಿಲು, ತೊಲೆ ಎಲ್ಲ ಬಿಚ್ಚಿ ಹಾಕಿದ್ದಾರೆ. ಅದರಲ್ಲಿ ಆಗುತ್ತಾ ನೋಡಿ. ಇಲ್ಲದಿದ್ದರೆ ಇಟ್ಟಿಗೆ ಭಟ್ಟಿಯವರು ಉರುವಲಿಗೆ ಕೇಳಿದ್ದಾರೆ.”

ಆಚಾರಿ ರಾಶಿಯನ್ನು ಕಾಲಿನಿಂದ ಸರಿಸಿ ನೋಡಿದ. ಒಳ್ಳೆಯ ತೇಗ. ಆದರೆ ಕಿರಿದಾದ ಹಲಗೆಗಳು. ಹೆಬ್ಬೆರಳು ಆಗಲೇ ಸಂದುಗಳನ್ನು ಸವರಿತು. ಅವನ ಕಣ್ಣು ಜಾಗದ ಅಂಚಿನ ಮರದತ್ತ ಹೋಯಿತು.

“ಆಗೂದಿಲ್ಲ,” ಎಂದ. “ಭಟ್ಟಿಗೆ ಕೊಡ್ರಿ.”

“ಮತ್ತೆ ಮರ?”

“ನಿಮ್ಮ ಜಾಗದಾಗ ಐತಿ. ಆ ಬಾಗೆ. ಲಾರಿ ಬ್ಯಾಡ, ಅಂಟು ಬ್ಯಾಡ. ಒಂದೇ ಹಲಗಿ.”

ಸರ್ವಮಂಗಳಾ ಯೋಚಿಸಿದಳು. ಊರಿನ ಮರ, ಊರಿನ ಕೈ. ಅವಳಿಗೆ ಹಿಡಿಸಿತು. ಕಡಿಯಲು ಅನುಮತಿ ಬೇಕೆಂದು ಅಲೆದಾಡಿ ಅದನ್ನೂ ತಂದಳು. ಹಾಗೆ ಅವನ ಜೀವಮಾನದ ಆಸೆ ತಾನಾಗಿ ಅವನ ಕೈಗೆ ಬಂತು. ಆ ದಿನ ಆಚಾರಿ ಕೊಡಲಿ ಮಸೆದ. ಗುರಮ್ಮ ಬಾಗಿಲಲ್ಲಿ ನಿಂತು ನೋಡಿದಳು. ಆ ದಿನ ಚೇಷ್ಟೆ ಮಾಡಲಿಲ್ಲ.

ಆಚಾರಿಯ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಮರ ಕಡಿಯುವ ಹಿಂದಿನ ದಿನ ಅದರ ಬುಡಕ್ಕೆ ಹೋಗಬೇಕು. ಕೊಡಲಿಯನ್ನು ನೆಲದ ಮೇಲಿಡಬೇಕು. ಅಲ್ಲಿ ನೆಲೆಸಿದ ಜೀವಗಳಿಗೆಲ್ಲ ಕೇಳುವಂತೆ ಹೇಳಬೇಕು: ‘ಈ ಮರ ನನಗೆ ಬೇಕು. ನೀವೆಲ್ಲ ಬೇರೆ ನೆಲೆ ನೋಡಿಕೊಳ್ಳಿರಿ.’ ಹಕ್ಕಿಗೂ ಕೇಳಬೇಕು, ಇರುವೆಗೂ ಕೇಳಬೇಕು. ಮೆಲ್ಲಗೆ ಹೇಳಿದರೆ ನಡೆಯುವುದಿಲ್ಲ. ಕಳ್ಳ ಮಾತ್ರ ಮೆಲ್ಲಗೆ ಮಾತಾಡುತ್ತಾನೆ ಎಂದು ಅವನ ಅಪ್ಪ ಹೇಳುತ್ತಿದ್ದ.

ಮಧ್ಯಾಹ್ನದ ಬಿಸಿಲಲ್ಲಿ ಆಚಾರಿ ಕೊಡಲಿ ಹಿಡಿದು ಹೋದ. ಬುಡದ ಬಳಿ ಇಟ್ಟ. ಗಂಟಲು ಸರಿಮಾಡಿಕೊಂಡ.

“ಶ್! ಮೆಲ್ಲಕ ಅಜ್ಜ. ಕೂಸು ಮಲಗೈತಿ.”

ಒಬ್ಬ ಹೆಂಗಸು. ಹಳ್ಳಿಯಿಂದ ಬಂದವಳು. ಪಕ್ಕಕ್ಕೆ ಚಾಚಿ ಕೆಳಗೆ ಬಾಗಿದ ಕೊಂಬೆಯೊಂದಕ್ಕೆ ಹಳೆಯ ಸೀರೆ ಕಟ್ಟಿ ಜೋಲಿ ಮಾಡಿದ್ದಳು. ಜೋಲಿ ತುಂಬಿಕೊಂಡು ತೂಗುತ್ತಿತ್ತು. ಅವಳ ಮುಂದೆ ಪಂಪಣ್ಣ ಕೂತಿದ್ದ. ಅರ್ಜಿ ಬರೆದುಕೊಡುವವನು. ಎರಡು ಗುಂಡುಕಲ್ಲಿನ ಮೇಲೆ ಒಂದು ಕಡಪ ಕಲ್ಲು, ಅದೇ ಅವನ ಮೇಜು. ಬೊಡ್ಡೆಗೆ ಬೆನ್ನು ಕೊಟ್ಟರೆ ಅದೇ ಕುರ್ಚಿ.

“ಕೂಡ್ರಿ ಆಚಾರ್ರೆ,” ಎಂದ ಪಂಪಣ್ಣ. “ಇಷ್ಟು ವರ್ಷ ಬಂದು ಮರ ಸವರಿ ಹೊಕ್ಕೀರಿ, ಒಂದ್ಸಲ ಕೂತವರಲ್ಲ. ಮರಕ್ಕ ಬ್ಯಾಸರ ಆಗಿರಬೇಕು.”

ಕೂಗಿ ಹೇಳದೆ ಪದ್ಧತಿ ಮುಗಿಯುವುದಿಲ್ಲ. ಕೂಗಿದರೆ ಕೂಸು ಏಳುತ್ತದೆ. ಆಚಾರಿ ಕೂತ.

ಅವನು ಆ ಮರದ ಕೆಳಗೆ ಕೂತದ್ದು ಅದೇ ಮೊದಲು. ಇದುವರೆಗೆ ಬೊಡ್ಡೆ ನೋಡಿದ್ದ. ಬೊಡ್ಡೆಯೊಳಗಿನ ಹಲಗೆ ನೋಡಿದ್ದ. ತಲೆ ಎತ್ತಿ ನೋಡಿರಲಿಲ್ಲ. ಈಗ ಎತ್ತಿದ. ಎಲೆಯ ನಡುವೆ ಬಿಸಿಲು ಚೂರುಚೂರಾಗಿ ಇಳಿಯುತ್ತಿತ್ತು. ಒಣಗಿದ ಕಾಯಿಗಳು ಗಾಳಿಗೆ ಗಲಗಲ ಅನ್ನುತ್ತಿದ್ದವು. ರಸ್ತೆಯಲ್ಲಿ ಡಾಂಬರು ಕುದಿಯುತ್ತಿತ್ತು. ಇಲ್ಲಿ ಬೆವರು ಆರಿತು.

ಹೆಂಗಸು ಮೆಲ್ಲಗೆ ಹೇಳುತ್ತಿದ್ದಳು. ಪಂಪಣ್ಣ ಬರೆಯುತ್ತಿದ್ದ. ಅವಳ ಗಂಡ ತೀರಿಕೊಂಡಿದ್ದ. ವಿಧವಾ ವೇತನ ಬೇಕಾಗಿತ್ತು.

“ಒಳಗ ತಾಲ್ಲೂಕು ಆಫೀಸಿನ್ಯಾಗ ಕುಂದ್ರಾಕ ಬಿಡೂದಿಲ್ಲೇನವ್ವ?” ಎಂದು ಆಚಾರಿ ಕೇಳಿದ.

“ಒಳಗ ಬೆಂಚು ಐತಿ ಅಜ್ಜ. ಜೋಲಿ ಕಟ್ಟಾಕ ಏನೂ ಇಲ್ಲ.”

ನೆರಳು ಸರಿಯಿತು. ಪಂಪಣ್ಣ ಎದ್ದು ಗುಂಡುಕಲ್ಲನ್ನು ಕಾಲಿನಿಂದ ಒತ್ತಿ, ಕಡಪ ಕಲ್ಲನ್ನು ನೆರಳಿನ ಜೊತೆ ಸರಿಸಿದ. ಮಾತು ನಿಲ್ಲಿಸಲಿಲ್ಲ. ದಿನವೂ ಮಾಡುವವನ ಹಾಗೆ ಮಾಡಿದ. ಮೇಲೆ ಅಳಿಲು ಓಡಿತು. ಒಬ್ಬ ಮುದುಕ ಬಂದ, ಸರದಿ ಕೇಳಿದ, ರುಮಾಲು ಹಾಸಿ ಮಲಗಿಯೇಬಿಟ್ಟ. ಆಚಾರಿಗೂ ಕಣ್ಣು ಎಳೆಯಿತು.

ಕೂಸು ಎದ್ದಿತು. ಅತ್ತಿತು. ಹೆಂಗಸು ಅದನ್ನು ಎತ್ತಿಕೊಂಡು, ಸೀರೆ ಬಿಚ್ಚಿ, ಕಾಗದ ಹಿಡಿದು ಕಚೇರಿಯೊಳಗೆ ಹೋದಳು. ಮುದುಕನ ಕೆಲಸವೂ ಮುಗಿಯಿತು.

ಈಗ ತಡೆಯುವವರಿಲ್ಲ. ಆಚಾರಿ ಎದ್ದು ನಿಂತ. ದೊಡ್ಡ ದನಿಯಲ್ಲಿ ಹೇಳಿದ.

“ಈ ಮರ ನನಗ ಬೇಕು. ನೀವೆಲ್ಲ ಬ್ಯಾರೆ ನೆಲಿ ನೋಡ್ಕೊಳ್ರಿ.”

ಮೇಲಿನ ಹಕ್ಕಿ ಹಾರಲಿಲ್ಲ. ಇರುವೆ ಸಾಲು ಬಿಡಲಿಲ್ಲ. ಪಂಪಣ್ಣ ಒಬ್ಬನೇ ತಲೆ ಎತ್ತಿದ. ಕೊಡಲಿ ನೋಡಿದ. ಜಗಳಾಡುತ್ತಾನೆ ಎಂದು ಆಚಾರಿ ಕಾದ. ಅವನು ಜಗಳಾಡಲಿಲ್ಲ.

“ನಾಳೆಯಿಂದನ ಏನ್ರಿ?” ಎಂದ.

“ಹೂಂ.”

“ಆಗ್ಲಿ. ಜಾಗ ಅವರದು.” ಪಂಪಣ್ಣ ಕಾಗದ ಮಡಚತೊಡಗಿದ. ಅರ್ಧಕ್ಕೆ ನಿಲ್ಲಿಸಿದ. “ಆಚಾರ್ರೆ, ಒಂದು ಮಾತು. ಹಳ್ಳಿ ಮಂದಿಗೆ ಬಾಗಿ ಗಿಡದ ಕೆಳಗ ಬರ್ರಿ ಅಂದ್ರ ಸಾಕಾಗಿತ್ತು. ಓದು ಬರದವರೂ ಬರ್ತಿದ್ರು. ಇನ್ನು ಎಲ್ಲಿಗೆ ಬರ್ರಿ ಅಂತ ಹೇಳ್ಲಿ?”

ಆಚಾರಿ ತಿರುಗಿದ. ಬೊಡ್ಡೆಯ ಕಡೆ ನೋಡಿದ. ಹಲಗೆ ಒಳಗೇ ಇತ್ತು. ಕಾಕಂಬಿ ಬಣ್ಣದ್ದು, ಅಗಲದ್ದು, ಸಂದಿಲ್ಲದ್ದು. ಅಂಗೈಯಿಂದ ತೊಗಟೆಯನ್ನು ಒಮ್ಮೆ ಸವರಿದ.

ಕೊನೆಗೆ ಆಚಾರಿ ಬಗ್ಗಿ ಕೊಡಲಿ ಎತ್ತಿಕೊಂಡ.

“ಇಲ್ಲಿಗೇ ಬರ್ರಿ ಅನ್ನು,” ಎಂದ. ತಿರುಗಿ ನೋಡದೆ ನಡೆದ.

ಮರುದಿನ ಬೆಳಿಗ್ಗೆ ಸರ್ವಮಂಗಳಾಳ ಮುಂದೆ ನಿಂತ.

“ಮರ ಕಡಿಯೂದಿಲ್ಲ ಮೇಡಂ.”

“ಅನುಮತಿಗೆ ನಾನು ಎಷ್ಟು ಓಡಾಡಿದ್ದೀನಿ ಗೊತ್ತಾ ಆಚಾರ್ರೆ?”

“ಗೊತ್ತು.”

“ಮರ ತೋರಿಸಿದ್ದು ನೀವೇ.”

“ನಾನೇ. ನನ್ನ ಆಸೆಗೆ ತೋರಿಸಿದೆ. ನಿಮ್ಮ ಕೆಲಸಕ್ಕಲ್ಲ.”

“ಈಗ ಏನಾಯ್ತು?”

“ಅಲ್ಲಿ ಒಂದು ಆಫೀಸು ಐತಿ.”

“ಎಲ್ಲಿ?”

“ಮರದ ಕೆಳಗ. ಅದಕ್ಕ ಗ್ವಾಡಿ ಇಲ್ಲ, ದೀಪ ಇಲ್ಲ, ಫ್ಯಾನ್ ಇಲ್ಲ. ಮಣ್ಣಿಗೆ ಭಾರ ಆಗದಂಥ ಆಫೀಸು ಕೇಳಿದ್ರಿ. ಅದನ್ನ ಕಡದು ನಿಮಗ ಮೇಜು ಮಾಡಾಕ ಹೊಂಟಿದ್ದೆ.”

ಸರ್ವಮಂಗಳಾ ಕಿಟಕಿಗೆ ಹೋದಳು. ಪಂಪಣ್ಣ ಕಲ್ಲು ಹೂಡುತ್ತಿದ್ದ. ನಾಲ್ಕೈದು ಜನ ಆಗಲೇ ಸುತ್ತ ಕುಕ್ಕರಗಾಲಲ್ಲಿ ಕೂತಿದ್ದರು. ಅವಳು ದಿನವೂ ಆ ದಾರಿಯಲ್ಲೇ ಬರುತ್ತಿದ್ದಳು, ಅವರನ್ನು ಗಮನಿಸಿರಲಿಲ್ಲ.

“ಹಾಗಾದರೆ ಮೇಜು?” ಎಂದಳು. ಕೋಪ ಇಳಿದಿತ್ತು.

ಹಿಂದಿನ ಅಂಗಳದಲ್ಲಿ ಟ್ರಾಕ್ಟರ್ ಸದ್ದು ಕೇಳಿತು. ಇಟ್ಟಿಗೆ ಭಟ್ಟಿಯವರು ಹಳೆಯ ಬಾಗಿಲುಗಳನ್ನು ಏರಿಸುತ್ತಿದ್ದರು. ಆಚಾರಿ ಓಡಿದ. ಆ ವಯಸ್ಸಿನಲ್ಲಿ ಅವನು ಓಡಿದ್ದನ್ನು ಜನ ನೋಡಿರಲಿಲ್ಲ.

“ಇಳಸ್ರಿ!”

“ನೀವ ಬ್ಯಾಡ ಅಂದಿದ್ರಂತಲ್ಲ ಅಜ್ಜಾರ?” ಎಂದು ಡ್ರೈವರ್ ನಕ್ಕ.

“ಅಂದಿದ್ದೆ. ಇಳಸು.”

ಇಳಿಸಿದರು. ಆಚಾರಿ ಕಿಲುಬು ಹಿಡಿದ ಮೊಳೆಗಳನ್ನು ಒಂದೊಂದಾಗಿ ಕಿತ್ತ. ಕೊಳೆತದ್ದನ್ನು ಕೊಯ್ದು ಹಾಕಿದ. ಉಳಿದದ್ದನ್ನು ಕೀಸಿದ. ಹತ್ತಿಯ ಧೂಳು, ಹೊಗೆ, ಯಾರದೋ ಎಣ್ಣೆಗೈ ಎಲ್ಲ ಹೋಗಿ ತೇಗದ ಬಣ್ಣ ಎದ್ದಿತು. ಹಲಗೆಗೆ ಹಲಗೆ ಕೂಡಿಸಿದ. ಕಬ್ಬಿಣ ಹಾಕಲಿಲ್ಲ, ಮರದ ಗೂಟ ಬಡಿದ. ಕೈ ನಡುಗಿದಾಗ ನಿಲ್ಲಿಸಿ, ನಡುಕ ನಿಂತ ಮೇಲೆ ಮುಂದುವರಿಸಿದ. ಉಳಿದ ತೊಲೆಗಳಲ್ಲಿ ಬೆಂಚು ಮಾಡಿದ. ಒಂದನ್ನು ಸರ್ವಮಂಗಳಾ ಕೇಳಿ ಮಾಡಿಸಿಕೊಂಡಳು. ಅದನ್ನು ಹೊರಗೆ ಪಂಪಣ್ಣನ ಬಳಿ ಇಡಿಸಿದಳು.

ಆಫೀಸು ತೆರೆದ ದಿನ ಬಂದವರೆಲ್ಲ ಮೇಜು ಹೊಗಳಿದರು. ಎಲ್ಲಿ ಜೋಡಿಸಿದ್ದಾರೆ ಎಂದೇ ತಿಳಿಯುವುದಿಲ್ಲ ಎಂದರು. ಆಚಾರಿ ಒಂದು ತುದಿಯಲ್ಲಿ ನಿಂತು ಹೆಬ್ಬೆರಳು ಎಳೆದ. ಸಂದು ತಿಳಿಯಿತು. ಮುಂದೆ ಎಳೆದ. ಇನ್ನೊಂದು ತಿಳಿಯಿತು.

ಸರ್ವಮಂಗಳಾ ನೋಡಿದಳು. “ಏನಾದರೂ ಕೊರತೆ ಉಳಿದಿದೆಯಾ ಆಚಾರ್ರೆ?”

“ಉಳದೈತಿ.”

“ಎಲ್ಲಿ ತೋರಿಸಿ.”

“ಮೇಜಿನ್ಯಾಗಲ್ಲ,” ಎಂದ.

ಅದೇ ಅವನ ಕೊನೆಯ ದೊಡ್ಡ ಕೆಲಸವಾಯಿತು. ಮುಂದಿನ ಬೇಸಿಗೆಗೆ ಕೈ ಪೂರ್ತಿ ಸೋತಿತು. ಒಂದೇ ಹಲಗೆಯ ಮೇಜು ಅವನಿಂದ ಆಗಲಿಲ್ಲ. ಈಗಲೂ ಕನಸಿನಲ್ಲಿ ಆ ಹಲಗೆ ಬರುತ್ತದೆ. ಅವನು ಅದನ್ನು ಕೀಸುತ್ತಾನೆ. ಸುರುಳಿ ಸುರುಳಿಯಾಗಿ ಹೆರೆ ಬೀಳುತ್ತದೆ. ಕೈ ನಡುಗುವುದಿಲ್ಲ. ಎಚ್ಚರವಾಗುತ್ತದೆ. ಬಿಸಿಲೇರಿದ ಮೇಲೆ ಕೋಲು ಹಿಡಿದು ಹೋಗಿ ಆ ಬಾಗೆಯ ನೆರಳಿನಲ್ಲಿ ಕೂರುತ್ತಾನೆ.

ನೀತಿ: ಹೊಸದಕ್ಕೆ ಕೈ ಹಾಕುವ ಮುನ್ನ ಇದ್ದದ್ದನ್ನು ಬಳಸು. ನೀನು ಬಯಸಿದ್ದು ಮತ್ತೊಬ್ಬರ ನೆಲೆಯಾಗಿದ್ದರೆ ಅದನ್ನು ನಿಂತಲ್ಲೇ ಬಿಡು. ಆಸೆ ತೀರುವುದಿಲ್ಲ. ತೀರದಿದ್ದರೂ ಬಾಳಬಹುದು.