ದನದ ಕಟ್ಟೆ ಹತ್ತಿದ ರಾಯ

ಕೇಳಿ ಮಕ್ಕಳೇ, ಆದರೆ ನಡುವೆ ಬಾಯಿ ಹಾಕಬೇಡಿ. ಒಂದು ರಾಜ್ಯದಲ್ಲಿ ಒಂದು ಕಲ್ಲುಕಟ್ಟೆ ಇತ್ತು. ದನದ ಕಟ್ಟೆ ಅಂತಲೇ ಅದರ ಹೆಸರು. ದನಕರುಗಳಿಗೆ ಕಾಯಿಲೆಯಾದರೆ ಬೆಳಿಗ್ಗೆ ಕಟ್ಟೆ ಹತ್ತಿ ಹೇಳಬೇಕು. ಗೊತ್ತಿದ್ದವರು ಮದ್ದು ಹೇಳಬೇಕು. ಅಲ್ಲಿ ಬೇರೆ ಮಾತಿಲ್ಲ.

ಆ ಕಟ್ಟೆಯ ಮೇಲೆ ರಾಜನ ಬಾಮೈದ ಚೆಲುವರಾಯನ ಕಣ್ಣು ಬಿತ್ತು. ಅಷ್ಟೊಂದು ಕಿವಿಗಳು ಒಂದೇ ಕಡೆ ಸಿಕ್ಕರೆ ಬಿಡುತ್ತಾನೆಯೇ? ಇಬ್ಬರು ಭಟರನ್ನು ಕಟ್ಟಿಕೊಂಡು ಬಂದ. "ನಾನು ಮಾತಾಡುವಾಗ ಯಾರೂ ಉಸಿರೆತ್ತಬಾರದು" ಅಂದ.

ಮೊದಲ ದಿನ ತಾನು ಹುಲಿ ಹೊಡೆದ ಕಥೆ ಹೇಳಿದ. ಕುರಿಗಳಿಗೆ ಕಾಲುಬೇನೆ ಅಂತ ಬಂದಿದ್ದ ಮಾಳಪ್ಪ ಕಾದು ಕಾದು ಮನೆಗೆ ಹೋದ. ಎರಡನೆಯ ದಿನ ತನ್ನ ಮೀಸೆಯ ಮೇಲೆ ತಾನೇ ಕಟ್ಟಿದ ಪದ ಹಾಡಿದ. ಮದ್ದು ಕೇಳಲು ಬಂದಿದ್ದ ಮುದುಕಿ ಸಾಕವ್ವನ ಕರು ಅವತ್ತು ಸಂಜೆ ಸತ್ತೇ ಹೋಯಿತು. ಹೇಳುವಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೂರನೆಯ ದಿನ ದುರುಗವ್ವ ತನ್ನ ಎಮ್ಮೆಯನ್ನೇ ಹೊಡೆದುಕೊಂಡು ಬಂದಳು. ಅವಳಿಗಿದ್ದದ್ದು ಅದೊಂದೇ ಎಮ್ಮೆ. ಮನೆಯ ಮೂರು ಮಕ್ಕಳು ಅದರ ಹಾಲಿನ ಮೇಲೇ ಬದುಕಿದ್ದವು. ಅದರ ಹೊಟ್ಟೆ ನಗಾರಿಯ ಹಾಗೆ ಉಬ್ಬಿತ್ತು. ಹೊತ್ತೇರುವುದರೊಳಗೆ ಮದ್ದು ಬೀಳದಿದ್ದರೆ ಉಳಿಯುವುದಿಲ್ಲ. ದುರುಗವ್ವ ಬಾಯಿ ತೆರೆಯುವಷ್ಟರಲ್ಲಿ ರಾಯ ಕಟ್ಟೆ ಹತ್ತಿಯೇಬಿಟ್ಟ.

"ನಿನ್ನೆ ಅರಮನೆಯಲ್ಲಿ ಇಪ್ಪತ್ತು ಹೋಳಿಗೆ ತಿಂದೆ. ಹೊಟ್ಟೆ ಹೇಗೆ ಉಬ್ಬಿದೆ ನೋಡಿ!" ಅಂತ ಶುರುಮಾಡಿದ.

"ಬುದ್ಧೀ, ನಮ್ಮ ಮಾತು ಎತ್ತಲ್ಲ. ತಮ್ಮ ಹೊಟ್ಟೆ ವಿಚಾರವೇ ಕೇಳ್ತೀನಿ" ಅಂದಳು ದುರುಗವ್ವ.

ತನ್ನ ಹೊಟ್ಟೆಯ ಮಾತೆಂದರೆ ಬೇಡ ಅನ್ನುತ್ತಾನೆಯೇ? "ಕೇಳು, ಕೇಳು" ಅಂದ.

ಅವಳು ದನದ ಮದ್ದು ಬಲ್ಲ ಈರಣ್ಣನ ಕಡೆ ತಿರುಗಿದಳು. "ಈರಣ್ಣ, ಈ ಕಟ್ಟೇಲಿ ಹೊಟ್ಟೆ ಉಬ್ಬರ ಅಂದ್ರೆ ಏನು ಮದ್ದು?"

ಈರಣ್ಣ ಎಮ್ಮೆಯನ್ನು ನೋಡಿದ. ರಾಯನನ್ನು ನೋಡಿದ. ನಗು ನುಂಗಿಕೊಂಡ. "ಎಳ್ಳೆಣ್ಣೆಗೆ ಒಂದು ಹಿಡಿ ಓಮ, ಗೋಲಿಯಷ್ಟು ಇಂಗು ಕಲಸಿ, ಬಿದಿರಿನ ಗೊಟ್ಟದಲ್ಲಿ ಗಂಟಲಿಗೆ ಹೊಯ್ಯಬೇಕು. ತಡ ಮಾಡಬಾರದವ್ವ."

ಎಣ್ಣೆ ಬಂತು, ಓಮ ಬಂತು, ಇಂಗು ಬಂತು. ದುರುಗವ್ವ ಒಂದು ಗೊಟ್ಟ ಎಮ್ಮೆಗೆ ಹೊಯ್ದಳು. ಇನ್ನೊಂದನ್ನು ತುಂಬಿಕೊಂಡು ಭಟರನ್ನು ಗದರಿದಳು. "ನಿಮ್ಮ ಧಣಿಗೆ ಹೊಟ್ಟೆ ಉಬ್ಬರ, ನೀವು ನಿಂತು ನೋಡ್ತೀರಲ್ಲ! ತಲೆ ಹಿಡೀರಿ!"

ಗಾಬರಿಬಿದ್ದ ಭಟರು ಹಿಡಿದೇಬಿಟ್ಟರು. ರಾಯ ಬೇಡ ಅನ್ನಲು ಬಾಯಿ ತೆರೆದ. ಗೊಟ್ಟ ಒಳಗೆ ಹೋಯಿತು.

ಸ್ವಲ್ಪ ಹೊತ್ತಿಗೆ ಎಮ್ಮೆ ಉದ್ದಕ್ಕೆ ತೇಗಿತು. ಹೊಟ್ಟೆ ಇಳಿಯಿತು. ರಾಯ ಹೊಟ್ಟೆ ಹಿಡಿದುಕೊಂಡು ಅರಮನೆಗೆ ಓಡಿದ.

ರಾಜ ದುರುಗವ್ವನನ್ನು ಕರೆಸಿದ. ಊರಿಗೆ ಊರೇ ಅವಳ ಹಿಂದೆ ಹೋಯಿತು.

"ರಾಯನ ಕಾಲು ಹಿಡಿದು ತಪ್ಪಾಯಿತು ಅನ್ನು" ಅಂದ ರಾಜ.

"ಅನ್ನಲ್ಲ ಮಹಾಸ್ವಾಮಿ. ಅದು ದನದ ಕಟ್ಟೆ. ಯಾರೇ ಹತ್ತಿ ಕಾಯಿಲೆ ಹೇಳಲಿ, ಅಲ್ಲಿ ದನದ ಮದ್ದೇ. ನಾಳೆ ಬಂದ್ರೆ ನಾಳೆಯೂ ಹೊಯ್ತೀವಿ."

ಊರವರೆಲ್ಲ ತಾವು ತಂದಿದ್ದ ಗೊಟ್ಟ ಎತ್ತಿ ತೋರಿಸಿದರು. ರಾಜ ಬಾಮೈದನ ಕಡೆ ತಿರುಗಿ, "ನಾಳೆ ಹೋಗುತ್ತೀಯೇನಯ್ಯಾ?" ಅಂದ. ರಾಯ ಬಾಯಿ ಬಿಡಲಿಲ್ಲ. ತುಟಿ ಬಿಗಿಹಿಡಿದು ತಲೆ ಅಲ್ಲಾಡಿಸಿದ.

ನೀತಿ ಏನು ಅಂತೀರಾ? ನಾಲ್ಕು ಜನ ಯಾವ ಕೆಲಸಕ್ಕೆ ಸೇರಿದ್ದಾರೋ ಅಲ್ಲಿ ಅದೇ ಮಾತಾಡಿ. ಕಟ್ಟೆಯಾಗಲಿ, ನಿಮ್ಮ ಮೊಬೈಲಿನ ಗುಂಪಾಗಲಿ, ಮಾತು ಒಂದೇ. ಅಡ್ಡಮಾತು ತಂದವನು ರಾಜನ ಬಾಮೈದನೇ ಆಗಿರಲಿ, ಅವನಿಗೆ ಹೆದರಿ ನಿಮ್ಮ ಎಮ್ಮೆಯನ್ನು ಸಾಯಲು ಬಿಡಬೇಡಿ.