ಮೂವತ್ತನೇ ಸೆಕೆಂಡು

ನದಿಯ ದಂಡೆಯ ಆಶ್ರಮವೊಂದರಲ್ಲಿ ಮರುಳಾರಾಧ್ಯರೆಂಬ ಗುರುಗಳಿದ್ದರು. ಅರ್ಧ ಆಯಸ್ಸು ಜಾವಾ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು ಬಂದವರು. ಯಾವ ಗುಂಪಿನ ರಕ್ತ ಯಾವ ಆಸ್ಪತ್ರೆಯಲ್ಲಿದೆ ಎಂದು ತೋರಿಸುವ, ಜಾವಾದಲ್ಲೇ ಬರೆದ ಪ್ರೋಗ್ರಾಂ ಒಂದನ್ನು ಆಶ್ರಮವೇ ನಡೆಸುತ್ತಿತ್ತು.

ಅಂದು ಬೆಳಿಗ್ಗೆ ಶಿಷ್ಯೆ ಶಾಂಭವಿ ಅದನ್ನು ಹಳೆಯ ಸರ್ವರಿನಿಂದ ಕುಬರ್ನೆಟಿಸ್‌ಗೆ ಸಾಗಿಸಿದಳು. ಕಂಟೇನರೆಂಬ ಡಬ್ಬಿಗಳಲ್ಲಿ ಓಡುವ ಪ್ರೋಗ್ರಾಮುಗಳನ್ನು ನೋಡಿಕೊಳ್ಳುವ ಮೇಸ್ತ್ರಿ ಅದು. ಎದ್ದಿದ್ದೀಯಾ ಎಂದು ಕೇಳಿದಾಗ ಓಗೊಡದ ಪ್ರೋಗ್ರಾಮನ್ನು ಕೊಂದು, ಮತ್ತೆ ಹೊಸದಾಗಿ ಎಬ್ಬಿಸುತ್ತದೆ. ಹಳೆಯ ಸರ್ವರನ್ನು ಅವಳು ಆಗಲೇ ಅಳಿಸಿಯೂ ಬಿಟ್ಟಿದ್ದಳು. ಅಷ್ಟು ಭರವಸೆ!

ಹತ್ತು ಗಂಟೆಗೆ ಲ್ಯಾಪ್‌ಟಾಪ್ ಹಿಡಿದು ಓಡಿ ಬಂದಳು.

"ಗುರುಗಳೇ, ಪ್ರೋಗ್ರಾಂ ಏಳೋದಕ್ಕೆ ಹೋಗುತ್ತೆ, ಸಾಯುತ್ತೆ. ಹನ್ನೊಂದು ಸಲ ಆಯ್ತು."

"ಯಾರಾದ್ರೂ ಕಾಯ್ತಿದ್ದಾರಾ?"

"ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಬಾಣಂತಿ. ಓ ನೆಗೆಟಿವ್ ಬೇಕಂತೆ. ನರ್ಸ್ ಎರಡು ಸಲ ಫೋನ್ ಮಾಡಿದ್ರು. ನನಗೆ ಕೈಕಾಲೇ ಆಡ್ತಿಲ್ಲ."

"ಕೂತ್ಕೊ. ಕಣ್ಣು ಮುಚ್ಚಿ ಐವತ್ತರವರೆಗೆ ಎಣಿಸು."

"ಈಗ್ಲಾ?"

"ಈಗ್ಲೇ."

ಎಣಿಕೆ ಹನ್ನೆರಡಕ್ಕೆ ಬರುವಷ್ಟರಲ್ಲಿ ಗುರುಗಳು ಅವಳ ಭುಜ ತಟ್ಟಿದರು. "ಮುಗೀತಾ?"

"ಇಲ್ಲ."

"ಹಾಗಾದ್ರೆ ಮೊದಲಿಂದ."

ಮತ್ತೆ ಹನ್ನೆರಡಕ್ಕೆ ತಟ್ಟಿದರು. "ಮುಗೀತಾ? ಇಲ್ವಾ? ಮೊದಲಿಂದ."

ಮೂರನೇ ಸಲ ಶಾಂಭವಿಗೆ ಅಳುವೇ ಬಂತು. "ಮುಗಿಸೋಕೆ ನೀವು ಬಿಟ್ರೆ ತಾನೇ!"

ಗುರುಗಳು ಲ್ಯಾಪ್‌ಟಾಪಿನ ಕಡೆ ಬೆರಳು ತೋರಿಸಿದರು.

ಅವಳು ಥಟ್ಟನೆ ಲ್ಯಾಪ್‌ಟಾಪ್ ಎಳೆದುಕೊಂಡಳು. ಮೂವತ್ತನೇ ಸೆಕೆಂಡಿಗೆ ಉತ್ತರ ಬರದಿದ್ದರೆ ಕೊಲ್ಲು ಎಂದು ಮೇಸ್ತ್ರಿಗೆ ಬರೆದುಕೊಟ್ಟವಳು ಅವಳೇ. ಜಾವಾಕ್ಕೆ, ಪಾಪ, ಕಣ್ಣುಜ್ಜಿಕೊಂಡು ಏಳುವುದಕ್ಕೇ ಎಪ್ಪತ್ತು ಸೆಕೆಂಡು ಬೇಕಿತ್ತು.

ಮೂವತ್ತನ್ನು ಅಳಿಸಿ ನೂರಿಪ್ಪತ್ತು ಎಂದು ಬರೆದಳು. ಪ್ರೋಗ್ರಾಂ ಮತ್ತೆ ಶುರುವಾಯಿತು.

ನಲವತ್ತು ಸೆಕೆಂಡು ಕಳೆಯಿತು. ಐವತ್ತಾಯಿತು. ಉತ್ತರವಿಲ್ಲ.

"ಏಳ್ತಿಲ್ಲ ಗುರುಗಳೇ. ನಿಲ್ಲಿಸಿ ಇನ್ನೊಂದು ಸಲ ನೋಡ್ಲಾ?" ಅವಳ ಬೆರಳು ಆಗಲೇ ಕೀಲಿಮಣೆಯ ಮೇಲಿತ್ತು.

ಗುರುಗಳು ಆ ಕೈಯನ್ನು ಹಿಡಿದುಕೊಂಡರು. ಬಿಡಲಿಲ್ಲ.

ಎಪ್ಪತ್ತೊಂದನೇ ಸೆಕೆಂಡಿಗೆ ಪರದೆಯ ಮೇಲೆ ಹಸಿರು ಗುರುತು ಬಂತು. ಸ್ವಲ್ಪ ಹೊತ್ತಿಗೆ ನರ್ಸ್ ಫೋನ್ ಮಾಡಿದರು. "ಪಕ್ಕದ ಊರಲ್ಲೇ ಎರಡು ಬಾಟ್ಲಿ ಇದೆಯಂತೆ ಕಣಮ್ಮಾ. ಜೀಪು ಹೊರಟಿದೆ."

ಶಾಂಭವಿ ಫೋನ್ ಕೆಳಗಿಟ್ಟಳು.

"ಅದು ನಿಜವಾಗ್ಲೂ ಸತ್ತೇ ಹೋಗಿದ್ದಿದ್ರೆ, ಗುರುಗಳೇ? ಸುಮ್ಮನೆ ಕಾದ ಹಾಗೆ ಆಗ್ತಿರ್ಲಿಲ್ವಾ?"

"ಸತ್ತದ್ದು ಎರಡು ನಿಮಿಷ ಬಿಟ್ಟು ನೋಡಿದ್ರೂ ಸತ್ತೇ ಇರುತ್ತೆ ತಾಯಿ. ಆ ಎರಡು ನಿಮಿಷ ಬೇಕಾಗೋದು ಬದುಕಿರೋದಕ್ಕೆ."