ಅಂಡಮಾನಿನ ಹುಂಜ

ಅಂಡಮಾನಿನಿಂದ ಒಂದು ಹುಂಜ ಮಲ್ಪೆಗೆ ಬಂತು. ಅದರ ಜೊತೆಯ ಹೇಂಟೆ ಅಲ್ಲೇ ಸತ್ತು ಮಣ್ಣಾಗಿತ್ತು. ಹುಂಜ ತಂದವನ ಹೆಂಡತಿ ಸುಮತಿ ಎರಡು ದಿನ ಸಹಿಸಿದಳು. ಮೂರನೆಯ ದಿನ ಹೇಳಿಯೇಬಿಟ್ಟಳು: "ಕತ್ತಲಲ್ಲೇ ಕೂಗಿ ನಿದ್ದೆ ಕೆಡಿಸುತ್ತದೆ. ನಾಳೆಯೂ ಕೂಗಿದರೆ ಮಧ್ಯಾಹ್ನಕ್ಕೆ ಇದರದೇ ಸಾರು."

ಮನೆಯ ಹಳೆಯ ಹುಂಜ ಅದನ್ನು ಕೇಳಿಸಿಕೊಂಡು ಗೂಡಿಗೆ ಬಂತು.

"ಏನಪ್ಪಾ, ನೀನು ಕೂಗಿದರೆ ಬೆಳಗಾಗುತ್ತದೆ ಅಂದುಕೊಂಡೆಯಾ?"

"ಇಲ್ಲಿ ಆಗುವುದಿಲ್ಲ ಅಣ್ಣ. ಅಲ್ಲಿ ಆಗಿರುತ್ತದೆ."

"ಗೋಡೆಯ ಗಡಿಯಾರ ನೋಡು. ನಿನ್ನೂರಿಗೂ ನನ್ನೂರಿಗೂ ಒಂದೇ ಗಂಟೆ."

"ಗಂಟೆ ಒಂದೇ, ಬೆಳಗು ಒಂದೇ ಅಲ್ಲ. ಭೂಮಿ ತಿರುಗುವುದು ಮೂಡಣಕ್ಕೆ. ಮೂಡಣದಲ್ಲಿರುವ ನನ್ನೂರು ಮೊದಲು ಬಿಸಿಲಿಗೆ ಬರುತ್ತದೆ. ನಿನ್ನೂರು ಬರಲು ಇನ್ನೂ ಒಂದು ಗಂಟೆಯ ಮೇಲೆ ಬೇಕು. ಹಡಗಿನಲ್ಲಿ ಬರುವಾಗಲೇ ಕಂಡೆ, ದಿನದಿನಕ್ಕೂ ಬೆಳಗು ತಡವಾಗುತ್ತಿತ್ತು."

"ಈಗ ನೀನಿರುವುದು ಇಲ್ಲಿ. ಇಲ್ಲಿಯ ಬೆಳಗಿಗೆ ಕೂಗಿ ಬದುಕಿಕೋ."

"ದಿನಾ ನನ್ನ ಹೇಂಟೆಯನ್ನು ಎಬ್ಬಿಸುತ್ತಿದ್ದವನು ನಾನು. ಅವಳ ಮಣ್ಣಿನ ಮೇಲೆ ಬೆಳಕು ಬೀಳುವಾಗ ಸುಮ್ಮನಿರಲಾರೆ."

ಮರುದಿನ ಇನ್ನೂ ಕತ್ತಲಿತ್ತು. ಹೊಸ ಹುಂಜ ಗೋಡೆ ಹತ್ತಿ, ಮೂಡಣಕ್ಕೆ ಮುಖ ಮಾಡಿ ಕೂಗಿತು. ಒಳಗೆ ದೀಪ ಹತ್ತಿತು. ಸುಮತಿ ಕತ್ತಿ ತೆಗೆದ ಸದ್ದು ಕೇಳಿತು.

"ಸಾಕು ಮಾರಾಯ," ಎಂದಿತು ಹಳೆಯ ಹುಂಜ. "ಕೂಗಲೇಬೇಕಾದರೆ ಮೆಲ್ಲಗಾದರೂ ಕೂಗು."

"ಮೆಲ್ಲಗೆ ಕೂಗಿದರೆ ಅಷ್ಟು ದೂರ ಕೇಳುವುದಿಲ್ಲ."

ಬಾಗಿಲು ತೆರೆಯಿತು. ಹುಂಜ ಕತ್ತು ಚಾಚಿ, ಮೊದಲಿಗಿಂತ ಜೋರಾಗಿ ಕೂಗಿತು.